ಮಾದಿಹಳ್ಳಿಯಲ್ಲಿ ಯಾರೂ ಸತ್ತಿರಲಿಲ್ಲ

ನಮೋ ಬುದ್ಧಾಯ

ಅರಸೀಕೆರೆ
17 ನವೆಂಬರ್ 2025, ಸೋಮವಾರ ಸಂಜೆ

ಪ್ರೀತಿಯ ಇಂದುವಿನ ಅಪ್ಪನಿಗೆ, ಮಾಲಿನಿಯ ಜೈ ಭೀಮ್.

ಹೇಗಿದ್ದೀರಿ? ಮಂಡಿ ನೋವು ಕಡಿಮೆಯಾಯಿತೇ? ಶುಗರ್ ಟೆಸ್ಟ್ ಮಾಡಿಸಿ ರಿಪೋರ್ಟ್ ಕಳಿಸಿ ಎಂದು ದಸರೆಯಿಂದ ಹೇಳುತ್ತಿದ್ದೇನೆ, ನೀವು ಬಿಜಾಪುರದ ಕೋಟೆ ಗೋಡೆಯ ಫೋಟೊ ಕಳಿಸುತ್ತಿದ್ದೀರಿ. ಜೋಳದ ರೊಟ್ಟಿ ತಿಂದು ಸಣ್ಣಗಾಗಿದ್ದೇನೆ ಎಂದು ಹೋದ ವಾರ ಒಂದು ಫೋಟೊ ಹಾಕಿದ್ದಿರಲ್ಲ, ಅದರಲ್ಲಿ ಸಣ್ಣಗಾಗಿರುವುದು ನೀವಲ್ಲ ಕಣ್ರೀ, ಶರ್ಟು ದೊಡ್ಡದು. ಇಪ್ಪತ್ತೇಳು ವರ್ಷ ನಿಮ್ಮ ಶರ್ಟಿಗೆ ಗುಂಡಿ ಹೊಲಿದವಳಿಗೆ ಅಷ್ಟೂ ಗೊತ್ತಾಗುವುದಿಲ್ಲವೇ? ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಮಾವನ ಕೆಮ್ಮು ಇಳಿದಿದೆ, ಇಂದುವಿನ ಗಂಟಲು ಕೂತಿದೆ, ನನ್ನ ಬಾಯಿಗೆ ಮಾತ್ರ ಏನೂ ಆಗಿಲ್ಲ. ಫೋನ್ ಇರುವಾಗ ಇವಳು ಕಾಗದ ಯಾಕೆ ಬರೆದಳು ಎಂದು ಹುಬ್ಬೇರಿಸಬೇಡಿ. ಫೋನಿನಲ್ಲಿ ನಾನು ‘ಮಾವ’ ಎನ್ನುವಷ್ಟರಲ್ಲಿ ನಿಮಗೆ ಸಿಗ್ನಲ್ ಹೋಗಿಬಿಡುತ್ತದೆ. ರೈಲ್ವೆಯ ಸಿಗ್ನಲ್ ಇಂಜಿನಿಯರಿಗೇ ಸಿಗ್ನಲ್ ಸಿಗುವುದಿಲ್ಲ ಎಂದರೆ ಯಾರಾದರೂ ನಂಬುತ್ತಾರೆಯೇ? ಕಾಗದವನ್ನಾದರೆ ಅರ್ಧಕ್ಕೆ ಕಟ್ ಮಾಡಲಾಗುವುದಿಲ್ಲ.

ವಿಷಯ ಮೊದಲೇ ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಈ ತಿಂಗಳು ಮೂವತ್ತನೇ ತಾರೀಕು, ಭಾನುವಾರ ಸಂಜೆ ಐದು ಗಂಟೆಗೆ ಬೇಲೂರಿನಲ್ಲಿ ಇಂದುವಿನ ಬ್ಯಾಂಡಿನ ಕಾರ್ಯಕ್ರಮ ಇದೆ. ಅದರ ಕೊನೆಯ ಹಾಡಿಗೆ ಮಾವ ವೇದಿಕೆಯ ಮೇಲೆ ನಿಂತು ತಮಟೆ ಬಾರಿಸಬೇಕು ಎಂದು ಮಕ್ಕಳು ಆಸೆಪಟ್ಟಿದ್ದಾರೆ. ಮಾವನಿಗೂ ಆಸೆ ಇದೆ, ಮುಖ ನೋಡಿದರೇ ತಿಳಿಯುತ್ತದೆ. ಆದರೆ ಕೇಳಿದವರಿಗೆಲ್ಲ ಅವರದು ಒಂದೇ ಮಾತು: ‘ನನ್ ಮಗ ಧರ್ಮ ಬ್ಯಾಡ ಅಂದವ್ನೆ. ಅವ್ನೇ ಹೂಂ ಅನ್ನಬೇಕು.’ ನೀವೋ, ಐದು ವಾರದಿಂದ ಹೆತ್ತ ತಂದೆಯ ಜೊತೆ ಒಂದು ಮಾತಾಡಿಲ್ಲ. ನಿಮ್ಮ ಆ ಒಂದು ‘ಹೂಂ’ ಬೇಕು, ಅದಕ್ಕೇ ಈ ಕಾಗದ. ಈಗ ಇದನ್ನು ಮಡಿಸಿ ಜೇಬಿಗೆ ಹಾಕಬೇಡಿ. ಟೀ ಕುಡಿಯುತ್ತಿದ್ದರೆ ಕುಡಿದು ಮುಗಿಸಿ, ಪೂರ್ತಿ ಓದಿ.

ಬ್ಯಾಂಡಿನ ಮೇಲೆ ನಿಮಗೆ ಸಿಟ್ಟಿಲ್ಲ ಎಂದು ನನಗೆ ಗೊತ್ತು. ಆ ಎರಡು ದೊಡ್ಡ ಸ್ಪೀಕರುಗಳನ್ನು ಕೊಡಿಸಿದವರೇ ನೀವು, ಅಕ್ಕಪಕ್ಕದವರಿಂದ ಬೈಸಿಕೊಂಡವಳು ನಾನು. ಆದರೆ ನೀವು ಬಿಜಾಪುರಕ್ಕೆ ವರ್ಗವಾಗಿ ಹೋದ ಮೇಲೆ ಅದು ಬಹಳ ಬೆಳೆದಿದೆ. ಈಗ ಮೂರು ಜನ ಗಟ್ಟಿಯಾಗಿ ನಿಂತಿದ್ದಾರೆ. ಹಾಡು ಬರೆಯುವುದು, ಹಾಡುವುದು ನಮ್ಮ ಇಂದು. ಬೆಳಗಿನ ಹೊತ್ತು ಲ್ಯಾಬಿನಲ್ಲಿ ಊರಿನವರ ರಕ್ತ ತೆಗೆಯುತ್ತಾಳೆ, ಸಂಜೆ ಊರಿನವರ ಕಿವಿ ತೂತು ಮಾಡುತ್ತಾಳೆ. ಗಿಟಾರ್ ಬಾರಿಸುವವನು ಮಾದಿಹಳ್ಳಿಯ ಶಶಿಕಿರಣ್, ಹಳೇಬೀಡಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ಮೂರನೆಯವಳು ಬೇಲೂರಿನ ವಿಭಾ, ತಲೆಮಾರುಗಳಿಂದ ದೇವಸ್ಥಾನದ ಸೇವೆಯಲ್ಲಿರುವ ಮನೆಯ ಹುಡುಗಿ. ಲ್ಯಾಪ್‌ಟಾಪು, ಕೀಬೋರ್ಡು, ಮೈತುಂಬ ಗುಂಡಿಗಳಿರುವ ಇನ್ನೊಂದು ಪೆಟ್ಟಿಗೆ ಇಟ್ಟುಕೊಂಡು ಅವಳು ಎಲೆಕ್ಟ್ರಾನಿಕ್ ಸಂಗೀತ ಮಾಡುತ್ತಾಳೆ. ಬ್ಯಾಂಡಿಗೆ ‘ಬಳಪದ ಕಲ್ಲು’ ಎಂದು ಹೆಸರಿಟ್ಟಿದ್ದಾರೆ, ಹಳೇಬೀಡಿನ ಗುಡಿಯ ಕಲ್ಲು. ಮೇಷ್ಟರ ಕೆಲಸದವಳಾದ ನನಗೆ ಹೆಸರು ಹಿಡಿಸಿತು. ಇದು ಯಾವ ಬಗೆಯ ಸಂಗೀತವೇ ಎಂದು ಕೇಳಿದ್ದಕ್ಕೆ ಇಂದು, ‘ಡಾರ್ಕ್ ಆಲ್ಟರ್ನೇಟಿವ್ ರಾಕ್ ಅಮ್ಮಾ, ಅದಕ್ಕೆ ಎಲೆಕ್ಟ್ರಾನಿಕ್ ಮಿಕ್ಸ್ ಮಾಡಿದ್ದೀವಿ’ ಎಂದಳು. ನನಗೆ ಅರ್ಥವಾದದ್ದು ಇಷ್ಟು: ಗಿಟಾರು ಗುಡುಗುತ್ತದೆ, ಕಂಪ್ಯೂಟರು ಅದರ ಕೆಳಗೆ ಗುಂಯ್ ಎನ್ನುತ್ತಿರುತ್ತದೆ, ನಮ್ಮವಳು ನಡುವೆ ನಿಂತು ಯಾರ ಮೇಲೋ ಮುನಿಸಿಕೊಂಡವಳ ಹಾಗೆ ಹಾಡುತ್ತಾಳೆ. ಮೊದಮೊದಲು ತಲೆನೋವು ಬರುತ್ತಿತ್ತು. ಈಗ ಪಾತ್ರೆ ತೊಳೆಯುವಾಗ ನಾನೂ ಅದನ್ನೇ ಗುನುಗುತ್ತೇನೆ. ಅವಳಿಗೆ ಹೇಳಬೇಡಿ, ತಲೆ ಮೇಲೆ ಕೂರುತ್ತಾಳೆ.

ಈ ತಮಟೆ ವಿಷಯ ಹೇಗೆ ಶುರುವಾಯಿತು ಎಂದು ನೀವು ಇದುವರೆಗೂ ಕೇಳಿಲ್ಲ. ನಾನು ಹೇಳುತ್ತೇನೆ. ಆಗಸ್ಟಿನಲ್ಲಿ ಇಂದು ನಮ್ಮ ಅತ್ತೆಯ ಮೇಲೆ ಒಂದು ಹಾಡು ಬರೆದಳು. ‘ನೀನೆದ್ದು ಹೋದ ಮಂಚ ಇನ್ನೂ ಬೆಚ್ಚಗಿದೆ’ ಎಂದು ಶುರುವಾಗುತ್ತದೆ. ಅತ್ತೆ ಹೋಗಿ ಮೂರು ವರ್ಷವಾದರೂ ಅವಳು ಆ ಮಂಚದ ಮೇಲೆ ಬಟ್ಟೆ ಇಡಲು ಬಿಡುವುದಿಲ್ಲ, ನಿಮಗೇ ಗೊತ್ತು. ಹಾಡಿಗೆ ಒಂದು ಬಡಿತ ಬೇಕಿತ್ತು, ಕಂಪ್ಯೂಟರಿನದು ಯಾವುದೂ ಹೊಂದಲಿಲ್ಲವಂತೆ. ಹಿತ್ತಿಲಿನಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತ ಕೂತಿದ್ದ ತಾತನ ಹತ್ತಿರ ಹೋಗಿ, ‘ತಾತ, ಅಜ್ಜಿ ಹಾಡಿಗೆ ಒಂದು ಬಡಿತ ಹೇಳ್ಕೊಡಿ, ತುಂಬಾ ಭಾರವಾಗಿರ್ಬೇಕು’ ಎಂದಳು. ಮಾವ ಪಕ್ಕದಲ್ಲಿದ್ದ ನೀರಿನ ಬಕೆಟ್ ಚೆಲ್ಲಿ, ಬೋರಲು ಹಾಕಿ, ಬೆರಳಿನಿಂದ ಬಡಿದರು. ನಾನು ಅಡುಗೆಮನೆ ಕಿಟಕಿಯಲ್ಲಿ ನಿಂತಿದ್ದೆ. ನಾನು ಪೇಟೆಯಲ್ಲಿ ಬೆಳೆದವಳು, ಏನೋ ಬಡಿಯುತ್ತಿದ್ದಾರೆ ಎಂದುಕೊಂಡೆ. ಇಂದು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಳು. ಅದು ಯಾವ ಬಡಿತ ಎಂದು ಅವಳು ಕೇಳಲಿಲ್ಲ, ಅವಳಿಗೆ ಗೊತ್ತೇ ಇರುತ್ತದೆ ಎಂದು ಇವರು ಹೇಳಲಿಲ್ಲ.

ಮುಂದಿನದು ಮಾದಿಹಳ್ಳಿಯ ಕಥೆ. ಇದನ್ನು ನಿಮಗೆ ಹೇಳಲು ಇಂದುವಿಗೆ ಇವತ್ತಿಗೂ ಧೈರ್ಯವಿಲ್ಲ. ಶಶಿಕಿರಣ್ ಮನೆಯ ಹಿಂದೆ ನಿಂತುಹೋದ ಹಿಟ್ಟಿನ ಮಿಲ್ಲು ಇದೆ, ಇವರು ಭಾನುವಾರಗಳಲ್ಲಿ ಅಭ್ಯಾಸ ಮಾಡುವುದು ಅಲ್ಲೇ. ವಿಭಾ ಆ ಬಕೆಟ್ಟಿನ ಸದ್ದು ತೆಗೆದು, ಅದೇ ಏಟುಗಳ ಜಾಗದಲ್ಲಿ ಕಂಪ್ಯೂಟರಿನಿಂದ ತಮಟೆಯ ಸದ್ದು ಕೂರಿಸಿದ್ದಳು. ಸೆಪ್ಟೆಂಬರಿನ ಒಂದು ಭಾನುವಾರ ಬೆಳಗ್ಗೆ ಹನ್ನೊಂದು ಗಂಟೆಗೆ, ನೀವು ಕೊಡಿಸಿದ ಅವೇ ಸ್ಪೀಕರುಗಳನ್ನು ಬಾಗಿಲಿಗಿಟ್ಟು, ಪೂರ್ತಿ ಜೋರು ಮಾಡಿ ಹಾಕಿದರು. ಶಶಿಕಿರಣ್ ಆಗಿನ್ನೂ ಅಂಗಡಿಯಿಂದ ಬಂದಿರಲಿಲ್ಲವಂತೆ. ಐದು ನಿಮಿಷ ಆಗಿಲ್ಲ, ಊರು ಹೊರಗೆ ಬಂತು. ಹೆಂಗಸರು ಸೆರಗು ಬಾಯಿಗೆ ಹಿಡಿದುಕೊಂಡು ಬಂದರು. ಒಬ್ಬ ಅಂಗಡಿ ಬಾಗಿಲು ಅರ್ಧ ಎಳೆದ. ಗದ್ದೆಯಲ್ಲಿದ್ದವರು ಹೆಗಲ ಮೇಲಿನ ಟವಲನ್ನು ತಲೆಗೆ ಸುತ್ತಿಕೊಂಡು ‘ಯಾರು ಹೋದ್ರು? ಯಾರ ಮನೇಲಿ?’ ಎಂದು ಕೂಗುತ್ತ ಬಂದರು. ಮಾವ ಬಕೆಟ್ಟಿನ ಮೇಲೆ ಬಡಿದುಕೊಟ್ಟದ್ದು ಸಾವಿನ ಬಡಿತ ಕಣ್ರೀ! ಅರಸೀಕೆರೆಯಿಂದ ಬೇಲೂರಿನವರೆಗೆ ಹಳ್ಳಿಯ ನಾಲ್ಕು ವರ್ಷದ ಮಗುವಿಗೂ ಗೊತ್ತಾಗುವ ಬಡಿತ. ಗೊತ್ತಿರದಿದ್ದವಳು ಒಬ್ಬಳೇ, ಅದನ್ನು ಬಾರಿಸುತ್ತಿದ್ದವನ ಮೊಮ್ಮಗಳು.

ಆ ಊರಿನಲ್ಲಿ ದೇವೀರಮ್ಮ ಎಂಬ ಎಪ್ಪತ್ತು ದಾಟಿದ ಮುದುಕಿ ಇದ್ದಾರೆ, ಎರಡು ತಿಂಗಳಿಂದ ಹಾಸಿಗೆ ಹಿಡಿದಿದ್ದರಂತೆ. ಜನ ತಾವೇ ಲೆಕ್ಕ ಹಾಕಿಕೊಂಡು ಸೀದಾ ಅವರ ಮನೆಗೆ ನುಗ್ಗಿದ್ದಾರೆ. ಮುದುಕಿ ಒಳಗೆ ಕೂತು ಉಪ್ಪಿಟ್ಟು ತಿನ್ನುತ್ತಿತ್ತು. ಬಾಗಿಲಲ್ಲಿ ಅಳುವ ಮುಖಗಳನ್ನು ನೋಡಿದ್ದೇ ತಟ್ಟೆ ಎಸೆದು, ‘ಇನ್ನೂ ಇದ್ದೀನಲ್ಲ ಕಣ್ರೋ, ನಿಮ್ಗೇನ್ ಅವಸರ ಬಂದಿರೋದು!’ ಎಂದು ಕೋಲು ಹಿಡಿದು ಹೊರಟುಬಿಟ್ಟಿತು. ಎರಡು ತಿಂಗಳು ಮಲಗಿದ್ದವರು ಮಿಲ್ಲಿನವರೆಗೆ ನಡೆದು ಬಂದು ಮೂವರಿಗೂ ಉಗಿದರು. ಇಂದು ಅಳುತ್ತ ಕ್ಷಮೆ ಕೇಳಿದಳಂತೆ. ಅಷ್ಟರಲ್ಲಿ ಮುದುಕಿ ಬೈಗುಳ ನಿಲ್ಲಿಸಿ, ‘ಇನ್ನೊಂದು ಕಿತ ಹಾಕು’ ಎಂದರು. ಕೇಳಿ, ‘ಮೂರನೇ ಏಟು ತಡೆದು ಬೀಳ್ತದೆ. ಇದು ನಮ್ಮ ತವರಿನ ಕಡೆ ಬಡಿತ. ಜವರಪ್ಪಂದಾ?’ ಎಂದು ಕೇಳಿದರಂತೆ. ಅವರು ಹಾರನಹಳ್ಳಿ ಪಕ್ಕದ ನಿಮ್ಮೂರಿನ ಹೆಣ್ಣುಮಗಳಂತೆ, ದೊಡ್ಡಮನೆಯವರು. ಇಂದು ಜವರಪ್ಪನ ಮೊಮ್ಮಗಳೆಂದು ತಿಳಿದ ಮೇಲೆ, ‘ನಮ್ಮಪ್ಪ ಹೋದಾಗ ನಿಮ್ಮ ತಾತ ಇಡೀ ದಿನ ಬಿಸ್ಲಲ್ಲಿ ನಿಂತಿದ್ದ. ಒಂದು ಲೋಟ ನೀರು ಕೊಡಿ ಅಂತ ನನ್ ಬಾಯಲ್ಲಿ ಬರ್ಲಿಲ್ಲ’ ಎಂದರಂತೆ. ಇಂದು ಇದನ್ನು ಹೇಳುವಾಗ ಕಣ್ಣೊರೆಸಿಕೊಂಡಳು. ನನಗೆ ಅಳು ಬರಲಿಲ್ಲ. ಐವತ್ತು ವರ್ಷ ಬೇಕಾಯಿತಾ ಆ ಮಾತು ಬಾಯಿಗೆ ಬರಲು ಎಂದು ಮೈ ಉರಿಯಿತು. ಆದರೆ ಬಂತಲ್ಲ ಎಂದು ಮಾವನಿಗೆ ಹೇಳಿದೆ. ಅವರು ‘ಆಯಮ್ಮ ಆಗ ಸಣ್ಣೋಳು, ಅವಳ ಕೈಲಿ ಏನಿತ್ತು’ ಎಂದರು. ಅವರ ಮನಸ್ಸು ಅಂಥದು, ನನ್ನದಲ್ಲ.

ಮಾದಿಹಳ್ಳಿಯ ಸುದ್ದಿ ಕೇಳಿ ಮಾವ ಮೊದಲು ನಕ್ಕರು. ನಕ್ಕು ನಕ್ಕು ಕೆಮ್ಮು ಬಂತು, ನಾನು ಬೆನ್ನು ಸವರಿದೆ. ಆಮೇಲೆ ನೋಡಿದರೆ ಕಣ್ಣಲ್ಲಿ ನೀರು. ‘ನಿಮ್ಮತ್ತೆ ಮುನಿಯಮ್ಮಂಗೆ ಅಂದ್ಳಲ್ಲ ಮಗ, ಅದಕ್ಕೆ ಅದೇ ಕೊಟ್ಟೆ ಕಣವ್ವ. ಊರಿಗೆಲ್ಲಾ ಬಾರಿಸ್ದೆ, ಅವಳಿಗೆ ಬಾರಿಸ್ಲಿಲ್ಲ. ಈಗ ನೋಡು, ಅವಳಿಗೇಂತ ಒಂದೂರೇ ಎದ್ದು ಬಂತು’ ಎಂದರು. ರೀ, ಅತ್ತೆ ಹೋದ ದಿನ ನಾವು ತ್ರಿಶರಣ ಪಂಚಶೀಲ ಹೇಳಿ, ಮೇಣದ ಬತ್ತಿ ಹಚ್ಚಿ ಕಳಿಸಿಕೊಟ್ಟೆವು. ತಮಟೆ ಬೇಡ ಎಂದಿರಿ, ನಾನೂ ಬೇಡ ಎಂದೆ. ಈಗ ಕೇಳಿದರೂ ಅದೇ ಸರಿ ಎನ್ನುತ್ತೇನೆ. ಆದರೆ ಈ ಮನುಷ್ಯ ಮೂರು ವರ್ಷ ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ನಮ್ಮ ಜೊತೆ ಕೂತು ಊಟ ಮಾಡಿದರಲ್ಲ, ಅದು ನನಗೆ ಗೊತ್ತೇ ಆಗಲಿಲ್ಲ. ಅವತ್ತು ರಾತ್ರಿ ನನಗೆ ಬಹಳ ನಾಚಿಕೆಯಾಯಿತು.

ನೀವು ಯಾಕೆ ಬೇಡವೆನ್ನುತ್ತೀರಿ ಎಂದು ನನಗೆ ಹೇಳಬೇಕಾಗಿಲ್ಲ. ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಯ ಬೆಳಗ್ಗೆ ಊರ ಯಜಮಾನನ ತಾಯಿ ಸತ್ತಳು. ಮಾವನಿಗೆ ಜ್ವರ, ಜೊತೆಗೆ ಇನ್ನೊಬ್ಬ ಬೇಕೇಬೇಕು ಎಂದು ನಿಮ್ಮನ್ನು ಎಳೆದುಕೊಂಡು ಹೋದರು. ಹಾಲ್ ಟಿಕೆಟ್ ಜೇಬಿನಲ್ಲಿಟ್ಟುಕೊಂಡು ನೀವು ಹೆಣದ ಮುಂದೆ ತಮಟೆ ಬಾರಿಸುತ್ತ ಹೋದಿರಿ. ಮದುವೆಯಾದ ಹೊಸದರಲ್ಲಿ ಇದನ್ನು ಹೇಳುವಾಗ ನಿಮ್ಮ ಧ್ವನಿ ಹೇಗಿತ್ತೆಂದು ನನಗೆ ಇನ್ನೂ ನೆನಪಿದೆ. ನೌಕರಿ ಕಾಯಂ ಆದ ವಾರ ಊರಿಗೆ ಹೋಗಿ ಗೋಡೆಯಿಂದ ತಮಟೆ ಇಳಿಸಿ, ‘ಅಪ್ಪ, ಇನ್ನು ಸಾಕು’ ಎಂದಿರಿ. ಆಗ ಮೂರು ತಿಂಗಳ ಮದುಮಗಳು ನಾನು, ನಿಮ್ಮ ಪಕ್ಕದಲ್ಲಿ ನಿಂತಿದ್ದೆ. ಹೆಮ್ಮೆಯಿಂದ ನನ್ನ ಎದೆ ಉಬ್ಬಿತ್ತು. ಕರೆಯಲು ಬಂದವರನ್ನು ನೀವೇ ಬಾಗಿಲಲ್ಲಿ ನಿಂತು ವಾಪಸು ಕಳಿಸಿದಿರಿ, ಮಾವ ಒಳಗೆ ಕೂತಿದ್ದರು. ನೀವು ಅವತ್ತು ಮಾಡಿದ್ದರಿಂದಲೇ ಇಂದು ಇವತ್ತು ಮೈಕ್ ಹಿಡಿದು ತಲೆ ಎತ್ತಿ ನಿಂತಿದ್ದಾಳೆ. ಇದರಲ್ಲಿ ನಿಮಗೂ ನನಗೂ ಜಗಳವಿಲ್ಲ. ಅಕ್ಟೋಬರಿನಲ್ಲಿ ಫೋನಿನಲ್ಲಿ ಹಿಂದಿನಿಂದ ತಮಟೆ ಸದ್ದು ಕೇಳಿ, ‘ಆ ಸದ್ದು ನನ್ನ ಮನೇಲಿ ಕೇಳಬಾರದು’ ಎಂದು ನೀವು ಇಟ್ಟುಬಿಟ್ಟಿರಲ್ಲ, ಆಗಲೂ ನನಗೆ ಸಿಟ್ಟು ಬರಲಿಲ್ಲ. ಎಲ್ಲಿಂದ ಬಂದ ಮಾತೆಂದು ಗೊತ್ತಿತ್ತು. ಆದರೆ ಮಾವನ ಜೊತೆ ಮಾತು ಬಿಟ್ಟಿರಿ ನೋಡಿ, ಅದಕ್ಕೆ ಸಿಟ್ಟು ಬಂತು. ಈಗಲೂ ಇದೆ.

ನಿಮಗೆ ಗೊತ್ತಿರದ ಒಂದು ಸಂಗತಿ ಹೇಳುತ್ತೇನೆ. ಹೋದ ತಿಂಗಳ ಕೊನೆಯಲ್ಲಿ ಮಾದಿಹಳ್ಳಿ ಕಡೆಯ ಒಬ್ಬ ಬೈಕಿನಲ್ಲಿ ನಮ್ಮ ಮನೆ ಹುಡುಕಿಕೊಂಡು ಬಂದ. ಜವರಪ್ಪ ಮತ್ತೆ ಶುರು ಮಾಡಿದ್ದಾನಂತೆ ಎಂದು ಯಾರೋ ಹೇಳಿದ್ದಾರೆ. ಅವನ ದೊಡ್ಡಪ್ಪ ತೀರಿಕೊಂಡಿದ್ದರು, ಬಾರಿಸಲು ಬನ್ನಿ ಎಂದ. ನೋಡು, ನಿನ್ನ ಗಂಡ ಹೆದರಿದ್ದೇ ಆಯಿತಲ್ಲ ಎಂದುಕೊಂಡೆ. ನಾಲ್ಕು ಮಾತು ಬಿಗಿಯಾಗಿ ಆಡೋಣವೆಂದು ಸೆರಗು ಸಿಕ್ಕಿಸಿಕೊಂಡು ಬಾಗಿಲಿಗೆ ಬರುವಷ್ಟರಲ್ಲಿ ಮಾವ ಎದ್ದು ಹೋಗಿದ್ದರು. ‘ಸಾವಿಗೆ ನಾನು ಬರಾಕಿಲ್ಲ ಕಣಪ್ಪ. ನಾನೀಗ ಬ್ಯಾಂಡ್‌ನಲ್ಲಿವ್ನಿ. ಏನಿದ್ರೂ ನಮ್ಮ ಮ್ಯಾನೇಜರ್ನ ಕೇಳು, ಸಂಜೆ ಬತ್ತಾಳೆ’ ಎಂದರು. ಆ ಮನುಷ್ಯ ತಲೆ ಕೆರೆದುಕೊಂಡು ಬೈಕು ತಿರುಗಿಸಿಕೊಂಡು ಹೋದ. ನನಗೆ ನಗು ತಡೆಯಲಾಗಲಿಲ್ಲ. ಆಮೇಲೆ ಹೊಳೆಯಿತು, ಎಪ್ಪತ್ತೊಂಬತ್ತು ವರ್ಷದಲ್ಲಿ ಆ ಕರೆಗೆ ಅವರು ತಮ್ಮ ಬಾಯಿಂದಲೇ ‘ಬರಲ್ಲ’ ಎಂದದ್ದು ಇದೇ ಮೊದಲು. ಅಂದು ನೀವು ಅವರ ಪರವಾಗಿ ಹೇಳಿದ್ದಿರಿ. ಈ ಸಲ ಅವರೇ ಹೇಳಿದರು.

ಮೂವತ್ತನೇ ತಾರೀಕು ಬಾರಿಸಬೇಕೆಂದಿರುವುದು ಸಾವಿನ ಬಡಿತವಲ್ಲ. ಅದನ್ನು ಹಾಡಿನಿಂದ ತೆಗೆಸಿದವರೂ ಮಾವನೇ. ‘ಅದಾಯ್ತು, ಅವಳಿಗೆ ಸಂದಾಯ ಆಯ್ತು, ಇನ್ನು ಬ್ಯಾಡ’ ಎಂದರು. ಬದಲಿಗೆ ಬೇರೊಂದು ಹೇಳಿಕೊಟ್ಟಿದ್ದಾರೆ. ಹಿಂದೆ ಚರ್ಮದ ತಮಟೆಯನ್ನು ಬಾರಿಸುವ ಮುಂಚೆ ಹುಲ್ಲಿನ ಬೆಂಕಿಗೆ ಹಿಡಿದು ಬಿಗಿ ಮಾಡಬೇಕಿತ್ತಲ್ಲ, ಆಗ ಕೇರಿಯ ಹಿಂದೆ ತಮ್ಮ ತಮ್ಮವರೇ ಬೆಂಕಿಯ ಸುತ್ತ ನಿಂತು, ಬಿಗಿಯಾಯಿತೇ ಎಂದು ನೋಡಲು ಒಂದು ಬಡಿತ ಹಾಕುತ್ತಿದ್ದರಂತೆ. ಅದಕ್ಕೆ ಹೆಸರಿಲ್ಲ. ಮದುವೆಗಲ್ಲ, ಸಾವಿಗಲ್ಲ, ದೇವರಿಗಲ್ಲ, ಯಾವ ಯಜಮಾನನೂ ಅದನ್ನು ಬಾರಿಸು ಎಂದು ಹೇಳಿಕಳಿಸಿದ್ದಿಲ್ಲ. ‘ಅದು ನಮ್ದು ಕಣವ್ವ, ನಮ್ ಪಾಡಿಗೆ’ ಎಂದರು. ನಾಲ್ಕು ವರ್ಷದ ಹುಡುಗ ಧರ್ಮ ಆ ಬೆಂಕಿಯ ಪಕ್ಕ ಅದಕ್ಕೆ ಕುಣಿಯುತ್ತಿದ್ದನಂತೆ, ಚಡ್ಡಿ ಜಾರಿದರೂ ನಿಲ್ಲಿಸುತ್ತಿರಲಿಲ್ಲವಂತೆ, ಅತ್ತೆ ಬಂದು ಎತ್ತಿಕೊಂಡು ಹೋಗಬೇಕಿತ್ತಂತೆ. ಇದನ್ನು ನೀವು ನನಗೆ ಹೇಳಲೇ ಇಲ್ಲ! ಬರೀ ಪರೀಕ್ಷೆಯ ಕಥೆ ಹೇಳಿದಿರಿ. ಕುಣಿದದ್ದನ್ನು ಮರೆತೇಬಿಟ್ಟಿರಾ, ಇಲ್ಲ ನೆನಪಿದ್ದೂ ಸುಮ್ಮನಿದ್ದಿರಾ? ನಿಮ್ಮ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಆ ಚಡ್ಡಿ ಜಾರಿದ ಹುಡುಗನನ್ನು ನೋಡಬೇಕಿತ್ತು ಎನ್ನಿಸಿತು.

ಅಭ್ಯಾಸ ಒಂದು ಸಲ ನೋಡಲು ಹೋಗಿದ್ದೆ. ಶಶಿಕಿರಣ್ ಹಾಸನದಿಂದ ಫೈಬರ್ ತಮಟೆ ತಂದಿದ್ದಾನೆ, ಅದಕ್ಕೆ ಬೆಂಕಿ ಬೇಡ, ಸುತ್ತಲೂ ನಟ್ಟು ಬೋಲ್ಟು. ಮಾವ ಸ್ಪಾನರ್ ಹಿಡಿದು ಅದನ್ನು ತಿರುಗಿಸುವ ಠೀವಿ ನೋಡಬೇಕು, ನಿಮ್ಮ ರೈಲ್ವೆಯವರು ಏನೂ ಅಲ್ಲ. ತೊಂದರೆ ಬಂದದ್ದು ಕಂಪ್ಯೂಟರಿನ ಜೊತೆ. ಬ್ಯಾಂಡಿನಲ್ಲಿ ಎಲ್ಲರೂ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಅದರ ಟಿಕ್ ಟಿಕ್‌ಗೆ ಸರಿಯಾಗಿ ನುಡಿಸಬೇಕಂತೆ. ಮಾವನ ಮೂರನೇ ಏಟು ಪ್ರತಿ ಸಲವೂ ಒಂದು ಕೂದಲೆಳೆ ತಡವಾಗಿ ಬೀಳುತ್ತದೆ, ಕಂಪ್ಯೂಟರು ಮುಂದೆ ಓಡಿರುತ್ತದೆ. ಶಶಿಕಿರಣ್ ನಾಲ್ಕು ಸಲ ನಯವಾಗಿ ಹೇಳಿದ. ಮಾವ ಇಯರ್‌ಫೋನ್ ಕಿತ್ತು ಅವನ ಕೈಗಿಟ್ಟು, ‘ಏನ್ಲಾ, ಈ ಪೆಟ್ಟಿಗೆ ಉಸಿರೇ ಬಿಡಾಕಿಲ್ವಲ್ಲ, ಇದರ ಹಿಂದೆ ನಾನ್ ಓಡ್ಲಾ?’ ಎಂದರು. ವಿಭಾ ‘ತಾತ, ನೀವು ನಿಮ್ಮ ಪಾಡಿಗೆ ಬಾರಿಸಿ’ ಎಂದು ಲ್ಯಾಪ್‌ಟಾಪಿನ ಮುಂದೆ ಕೂತು, ಅವರ ಒಂದೊಂದು ಏಟಿಗೂ ಗುರುತು ಹಾಕಿ, ಮಧ್ಯಾಹ್ನವೆಲ್ಲ ತಿದ್ದಿದಳು. ಸಂಜೆಯ ಹೊತ್ತಿಗೆ ಕಂಪ್ಯೂಟರಿನ ಗುಂಯ್ ಎನ್ನುವ ಸದ್ದೆಲ್ಲ ಮಾವನ ಕೈ ನೋಡಿಕೊಂಡು ಹಿಂದೆ ಹಿಂದೆ ಬರುತ್ತಿತ್ತು. ಆ ಹಾಡು ಕೇಳಿ ನನ್ನ ಮೈ ಜುಮ್ ಎಂದಿತು. ಅದು ಸಂತೋಷದ ಹಾಡೇನೂ ಅಲ್ಲ, ಕಪ್ಪಗೆ ಭಾರವಾಗಿಯೇ ಇದೆ. ಆದರೆ ಮುಗಿದ ಮೇಲೆ ಎದ್ದು ನಾಲ್ಕು ಕೆಲಸ ಮಾಡೋಣ ಎನ್ನಿಸುತ್ತದೆ. ವಿಭಾಳ ಅಪ್ಪ ಅನಂತರಾಮು ಮೇಷ್ಟ್ರು ಮಗಳನ್ನು ಕರೆದುಕೊಂಡು ಹೋಗಲು ಬಂದವರು ಒಂದು ಗಂಟೆ ಹೊರಗೇ ನಿಂತು ಕೇಳಿದರು. ಒಳಗೆ ಬಂದು ಕೂತುಕೊಳ್ಳಿ ಎಂದು ನಾನೇ ಹೇಳಬೇಕಾಯಿತು, ನೋಡಿ ಕಾಲ.

ನಾನೂ ಕೆಲವು ಷರತ್ತು ಹಾಕಿದ್ದೇನೆ. ಪೋಸ್ಟರಿನಲ್ಲಿ ‘ವಿಶೇಷ ಆಹ್ವಾನಿತರು’ ಎಂದು ಮೂಲೆಯಲ್ಲಿ ಹಾಕುವಂತಿಲ್ಲ. ಗಾಯನ ಇಂದು, 
ಗಿಟಾರ್ ಶಶಿಕಿರಣ್, ಎಲೆಕ್ಟ್ರಾನಿಕ್ಸ್ ವಿಭಾ, ತಮಟೆ ಜವರಪ್ಪ, ನಾಲ್ಕೂ ಒಂದೇ ಅಳತೆಯ ಅಕ್ಷರ. ಅವರು ಮಿಕ್ಕವರು ನಿಲ್ಲುವ ಸಾಲಿನಲ್ಲೇ ನಿಲ್ಲಬೇಕು. ನೀವು ಕೇಳುವ ಪ್ರಶ್ನೆಗಳನ್ನೆಲ್ಲ ನಾನು ಕೇಳಿದ್ದೇನೆ ಎಂದು ತಿಳಿಯಲಿ ಎಂದು ಇದನ್ನು ಬರೆದೆ. ಈ ಶನಿವಾರ ಪೋಸ್ಟರ್ ಪ್ರಿಂಟಿಗೆ ಹೋಗುತ್ತದೆ, ನಾಲ್ಕನೇ ಹೆಸರಿನ ಜಾಗ ಖಾಲಿ ಬಿಟ್ಟುಕೊಂಡು ಕಾಯುತ್ತಿದ್ದಾರೆ. ಇಂದು ಬಾಯಿಬಿಟ್ಟು ಕೇಳುವುದಿಲ್ಲ, ನಿಮ್ಮದೇ ಹಟ ಅವಳಿಗೂ ಬಂದಿದೆ. ತಾತನಿಲ್ಲದಿದ್ದರೆ ಆ ಹಾಡನ್ನೇ ಹಾಡುವುದಿಲ್ಲ ಎಂದು ವಿಭಾಳಿಗೆ ಹೇಳಿದ್ದಾಳಂತೆ.

ಇಪ್ಪತ್ತೊಂಬತ್ತರ ಶನಿವಾರ ಗಾಡಿ ಹತ್ತಿದರೆ ಭಾನುವಾರ ಬೆಳಗ್ಗೆ ಇಲ್ಲಿರುತ್ತೀರಿ, ಎಲ್ಲರೂ ಒಟ್ಟಿಗೆ ಬೇಲೂರಿಗೆ ಹೋಗಬಹುದು. ರಜೆ ಸಿಗದಿದ್ದರೆ ಬರಬೇಡಿ, ಅದಕ್ಕೆ ಬೇಜಾರಿಲ್ಲ. ಚಳಿ ಶುರುವಾಗಿದೆ, ಸ್ವೆಟರ್ ಪೆಟ್ಟಿಗೆಯಿಂದ ಹೊರಗೆ ತೆಗೆಯಿರಿ, ಅದು ನೋಡಲೆಂದು ಕಳಿಸಿದ್ದಲ್ಲ. ಮಾತ್ರೆ ತಪ್ಪಿಸಬೇಡಿ. ಮಾವ ಆಶೀರ್ವಾದ ತಿಳಿಸಿದ್ದಾರೆ, ಇಂದು ಮುತ್ತು ಕೊಟ್ಟಿದ್ದಾಳೆ. ಎಲ್ಲರಿಗೂ ಮಂಗಳವಾಗಲಿ, ಮೊದಲು ನಿಮ್ಮ ಮಂಡಿಗೆ.

ಬೈಯದೆ ಒಂದು ದಿನವೂ ಇರಲಾರದ, ನೀವಿಲ್ಲದೆಯೂ ಇರಲಾರದ
ನಿಮ್ಮ ಮಾಲಿನಿ

ಮರೆಯುವ ಮುಂಚೆ: ಮರೆತಿರಲಿಲ್ಲ, ಬರೆಯಲು ಹೆದರಿದ್ದೆ. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ನಿನ್ನೆ ಬೆಳಗ್ಗೆ ಕಾಫಿ ಕೊಡುವಾಗ ಮಾವ ‘ಧರ್ಮಂದೇನಾದ್ರೂ ಸುದ್ದಿ ಐತಾ’ ಎಂದು ಕೇಳಿದರು. ದಿನವೂ ಕೇಳುತ್ತಾರೆ, ದಿನವೂ ಇಲ್ಲ ಎನ್ನುತ್ತಿದ್ದೆ. ನಿನ್ನೆ ಅವರ ಮುಖ ನೋಡಿ ‘ಹೂಂ ಅಂದ್ರು ಮಾವ, ಶುಕ್ರವಾರ ಸಂಜೆ ಅವರೇ ಫೋನ್ ಮಾಡ್ತಾರಂತೆ’ ಎಂದು ಬಾಯಿಂದ ಬಂದುಬಿಟ್ಟಿತು. ಲೋಟ ಕೆಳಗಿಟ್ಟು ‘ಅವ್ನೇ ಅಂದ್ನಾ?’ ಎಂದು ಎರಡು ಸಲ ಕೇಳಿದರು. ಬೆಳಗ್ಗೆ ತಾನೇ ಸುಳ್ಳು ಹೇಳುವುದಿಲ್ಲ ಎಂದು ಪಂಚಶೀಲ ಹೇಳಿದ್ದವಳು ಎರಡು ಸಲವೂ ಹೌದು ಎಂದೆ. ಆಗಿನಿಂದ ಇಂದುವಿನ ಕೈಲಿ ಫೋನಿನ ರಿಂಗು ಜೋರು ಮಾಡಿಸಿಕೊಂಡು ಅಂಗಿ ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದಾರೆ. ಸ್ನಾನಕ್ಕೆ ಹೋಗುವಾಗ ನನ್ನ ಕೈಗೆ ಕೊಟ್ಟು ‘ಧರ್ಮ ಮಾಡಿದ್ರೆ ನೀನು ಎತ್ತಬ್ಯಾಡ, ನನ್ನ ಕೂಗು’ ಎಂದರು. ನಾಳೆ ಬೆಳಗ್ಗೆ ಸ್ಪೀಡ್ ಪೋಸ್ಟ್ ಮಾಡುತ್ತೇನೆ, ಗುರುವಾರ ನಿಮಗೆ ಸಿಗುತ್ತದೆ. ನನಗೆ ಎಷ್ಟು ಬೇಕಾದರೂ ಬೈಯಿರಿ, ಆಮೇಲೆ. ಶುಕ್ರವಾರ ಮಾತ್ರ ನನ್ನ ನಂಬರಿಗಲ್ಲ, ಅವರ ನಂಬರಿಗೆ ಮಾಡಿ. ಅವರು ಆರು ಗಂಟೆಗೇ ಕಾಯಲು ಕೂರುತ್ತಾರೆ ಕಣ್ರೀ, ತಡ ಮಾಡಬೇಡಿ.